ಸರೋಜಾದೇವಿ ನಮ್ಮವರಾ, ತಮಿಳಿನವರಾ? ಮನೆಯಲ್ಲಿ ಜಗಳ ಬಿದ್ದಿದೆ, ಬಿಡಿಸಿ

ಅಕ್ಕನ_ತಮ್ಮ:
ಎಲ್ಲರಿಗೂ ನಮಸ್ಕಾರ. ವಿಷಯ ಸಣ್ಣದು. ಆದರೆ ನಮ್ಮ ಮನೆಯಲ್ಲಿ ಎರಡು ದಿನದಿಂದ ಇದೇ ಗಲಾಟೆ.

ಅಕ್ಕನ ಮಗ ಚೆನ್ನೈನಲ್ಲೇ ಹುಟ್ಟಿ ಬೆಳೆದವನು. ರಜೆಗೆ ಬಂದಿದ್ದಾನೆ. ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಸರೋಜಾದೇವಿಯವರ 'ಕಿತ್ತೂರು ಚೆನ್ನಮ್ಮ' ಸಿನಿಮಾ ಬರುತ್ತಿತ್ತು. ಅಮ್ಮ ಊಟದ ತಟ್ಟೆ ಹಿಡಿದುಕೊಂಡೇ ಕೂತಿದ್ದರು. ಇವನು ಬಂದವನೇ "ಅಜ್ಜಿ, ಈ ತಮಿಳು ಹೀರೋಯಿನ್ ಕನ್ನಡದಲ್ಲೂ ಮಾಡಿದ್ದಾರಾ?" ಅಂದ. ಅಮ್ಮನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ.

ಆಮೇಲೆ ಶುರುವಾಯಿತು. ಅವನದು ಬರೀ ಲೆಕ್ಕ. ಎಂಜಿಆರ್ ಜೊತೆ 26 ಸಿನಿಮಾ, ಶಿವಾಜಿ ಗಣೇಶನ್ ಜೊತೆ 22, ಕನ್ನಡದಲ್ಲಿ ಎಷ್ಟು ಹೇಳಿ ಅಂತಾನೆ. ಅಮ್ಮ ಚೆನ್ನಮ್ಮ ಅಂದರು, ಮಲ್ಲಮ್ಮ ಅಂದರು, ಆಮೇಲೆ ತಡವರಿಸಿ "ಹೋಗೋ, ನಿನಗೇನು ಗೊತ್ತು" ಅಂದರು. ನಾನೂ ಸಹಾಯಕ್ಕೆ ಬರಲಿಲ್ಲ, ಯಾಕೆಂದರೆ ನನಗೂ ಅಷ್ಟೇ ಗೊತ್ತು. ಗೊತ್ತಿರುವವರು ಹೇಳಿ, ಅವರು ಯಾರ ಕಡೆಯವರು?

ಗಾಂಧಿಕ್ಲಾಸ್:
ನಿಮ್ಮ ಅಳಿಯನಿಗೆ ಒಂದೇ ಪ್ರಶ್ನೆ ಕೇಳಿ. ತಮಿಳರು ಅವರಿಗೆ ಕೊಟ್ಟ ಬಿರುದು ಏನು? 'ಕನ್ನಡತ್ತು ಪೈಂಗಿಳಿ'. ಕನ್ನಡದ ಗಿಳಿ ಅಂತ. ಅವರೇ ಬರೆದುಕೊಟ್ಟ ಮೇಲೆ ಇನ್ನೇನು ಜಗಳ? ಕೇಸು ಮುಗಿಯಿತು.

ಅಕ್ಕನ_ತಮ್ಮ:
ಆಹಾ! ಇದನ್ನು ಈಗಲೇ ಹೋಗಿ ಹೇಳುತ್ತೇನೆ.

ಸಂಪಿಗೆ_ರಸ್ತೆ:
ಬೆಂಗಳೂರಿನಲ್ಲೇ ಹುಟ್ಟಿದವರು, 1938ರ ಜನವರಿ 7. ತಂದೆ ಭೈರಪ್ಪ ಪೊಲೀಸ್ ಇಲಾಖೆಯಲ್ಲಿದ್ದರು, ತಾಯಿ ರುದ್ರಮ್ಮ. ಕೊನೆಯವರೆಗೂ ಇದ್ದದ್ದು ಮಲ್ಲೇಶ್ವರದಲ್ಲಿ, 2025ರ ಜುಲೈ 14ರಂದು ತೀರಿಕೊಂಡದ್ದೂ ಅಲ್ಲೇ. ಮಣ್ಣಾದದ್ದು ಚನ್ನಪಟ್ಟಣ ತಾಲೂಕಿನ ದಶವಾರದಲ್ಲಿ. ಇದರಲ್ಲಿ ತಮಿಳುನಾಡು ಎಲ್ಲಿ ಬಂತು?

ನಾನು ಮಲ್ಲೇಶ್ವರದಲ್ಲಿ ಹನ್ನೊಂದು ವರ್ಷ ಇದ್ದೆ. ಒಂದು ದಿನವಾದರೂ ಮಾರ್ಕೆಟ್ ಹತ್ತಿರ ಕಾಣಿಸುತ್ತಾರೇನೋ ಅಂತ ಕಾದಿದ್ದೇ ಬಂತು. ನನಗೆ ಕಂಡದ್ದು ಬರೀ ಟ್ರಾಫಿಕ್.

ರೀಲುಡಬ್ಬ:
ಹುಟ್ಟಿದ ಊರು ಹೇಳಿದರೆ ವಾದ ಗೆಲ್ಲುವುದಿಲ್ಲ ಸ್ವಾಮಿ. ಆ ಹುಡುಗ ಕೇಳುತ್ತಿರುವುದು ಕೆಲಸದ ಲೆಕ್ಕ. ಅದನ್ನು ಒಪ್ಪಿಕೊಂಡೇ ಮಾತಾಡೋಣ.

ಮೊದಲ ಸಿನಿಮಾ ಕನ್ನಡದ್ದು, 1955ರ 'ಮಹಾಕವಿ ಕಾಳಿದಾಸ'. ಚಿಕ್ಕ ಹುಡುಗಿ ಒಂದು ಸಮಾರಂಭದಲ್ಲಿ ಹಾಡುತ್ತಿದ್ದಳು, ಅದನ್ನು ಕೇಳಿ ಸಿನಿಮಾಕ್ಕೆ ಕರೆದವರು ಹೊನ್ನಪ್ಪ ಭಾಗವತರ್. ಸಿನಿಮಾ ಬಂದಾಗ ವಯಸ್ಸು ಹದಿನೇಳು. ಆ ಚಿತ್ರಕ್ಕೆ ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಅಲ್ಲಿಗೆ ನಮ್ಮದೇ ಆರಂಭ. ಆದರೆ ಹೆಸರು ಬಂದದ್ದು ಎಲ್ಲಿಂದ? 1958ರ 'ನಾಡೋಡಿ ಮನ್ನನ್'. ಎಂಜಿಆರ್ ಮೊದಲ ಬಾರಿ ನಿರ್ದೇಶಿಸಿದ ಸಿನಿಮಾ. ಅದರಲ್ಲಿ ಭಾನುಮತಿ ನಾಯಕಿ. ಇಬ್ಬರಿಗೂ ಸರಿಬರದೆ ಭಾನುಮತಿಯ ಪಾತ್ರವನ್ನು ಕಥೆಯ ಮಧ್ಯದಲ್ಲೇ ಸಾಯಿಸಿದರು. ದ್ವಿತೀಯಾರ್ಧಕ್ಕೆ ಸರೋಜಾದೇವಿ ಬಂದರು. ಅಲ್ಲಿಂದ ಸಿನಿಮಾ ಕಪ್ಪು ಬಿಳುಪಿನಿಂದ ಬಣ್ಣಕ್ಕೆ ತಿರುಗುತ್ತದೆ. ಯೋಚನೆ ಮಾಡಿ. ಅಷ್ಟು ಹೊತ್ತು ಕಪ್ಪು ಬಿಳುಪು ನೋಡಿದ ಜನಕ್ಕೆ ಬಣ್ಣವೂ ಈ ಹುಡುಗಿಯೂ ಒಟ್ಟಿಗೇ ಕಂಡರು. ಅಂಥ ಪ್ರವೇಶ ಯಾರಿಗೆ ಸಿಗುತ್ತದೆ?

ಮುಂದಿನ ವರ್ಷ ಶ್ರೀಧರ್ ಅವರ 'ಕಲ್ಯಾಣ ಪರಿಸು'. ಆಮೇಲೆ 'ಪಾಲುಂ ಪಳಮುಂ', 'ಆಲಯಮಣಿ', 'ಪುದಿಯ ಪರವೈ', 'ಎಂಗ ವೀಟ್ಟು ಪಿಳ್ಳೈ', 'ಅನ್ಬೇ ವಾ'. 1960ರ ದಶಕದ ಮೊದಲರ್ಧದಲ್ಲಿ ತಮಿಳಿನಲ್ಲಿ ಅವರಿಲ್ಲದ ದೊಡ್ಡ ಸಿನಿಮಾ ಹುಡುಕುವುದೇ ಕಷ್ಟ. ಹುಡುಗನ ಲೆಕ್ಕದಲ್ಲಿ ತಪ್ಪಿಲ್ಲ.

ಗಾಂಧಿಕ್ಲಾಸ್:
ನೀವು ಯಾರ ಪರ?

ರೀಲುಡಬ್ಬ:
ಲೆಕ್ಕದ ಪರ.

ಚೆನ್ನೈ_ಕನ್ನಡತಿ:
ಮೂವತ್ತು ವರ್ಷದಿಂದ ಇಲ್ಲಿದ್ದೇನೆ, ಹಾಗಾಗಿ ಆ ಹುಡುಗನ ತಲೆಯಲ್ಲಿ ಏನಿದೆ ಅಂತ ನನಗೆ ಗೊತ್ತಾಗುತ್ತದೆ. ಇಲ್ಲಿ ಸರೋಜಾದೇವಿ ಅಂದರೆ ಯಾರಾದರೂ ತಕ್ಷಣ ಕುತ್ತಿಗೆ ಓರೆ ಮಾಡಿ "ಗೋಪಾಲ್..." ಅಂತ ರಾಗ ಎಳೆಯುತ್ತಾರೆ. 'ಪುದಿಯ ಪರವೈ'ಯಲ್ಲಿ ಶಿವಾಜಿ ಪಾತ್ರದ ಹೆಸರು ಗೋಪಾಲ್. ಮಿಮಿಕ್ರಿ ಮಾಡುವವರಿಗೆ ಇದು ಅ ಆ ಇ ಈ ಇದ್ದ ಹಾಗೆ. ಸಿನಿಮಾ ನೋಡದ ಮಕ್ಕಳಿಗೂ ಬರುತ್ತದೆ.

ತಮಾಷೆ ಏನು ಗೊತ್ತಾ? ಆ ರಾಗವೇ ಕನ್ನಡದ್ದು. ಅವರ ತಮಿಳಿನಲ್ಲಿ ನಮ್ಮ ಕನ್ನಡದ ಎಳೆತ ಕೊನೆಯವರೆಗೂ ಹೋಗಲಿಲ್ಲ. ಬೇರೆಯವರಾಗಿದ್ದರೆ ಇನ್ನೊಬ್ಬರ ದನಿ ಕೊಡಿಸುತ್ತಿದ್ದರು. ಇವರದ್ದನ್ನು ಜನ 'ಕೊಂಜು ತಮಿಳು' ಅಂತ ಮುದ್ದಾಗಿ ತೆಗೆದುಕೊಂಡರು. ಇಲ್ಲಿನ ನನ್ನ ಪಕ್ಕದ ಮನೆಯವರು ಇಂದಿಗೂ ನನ್ನ ತಮಿಳು ಕೇಳಿ ನಗುತ್ತಾರೆ. ನನಗೆ ಮಾತ್ರ ಯಾರೂ ಪೈಂಗಿಳಿ ಅನ್ನಲಿಲ್ಲ.

ಟೂರಿಂಗ್_ಟಾಕೀಸ್:
😂😂 ಕೊನೆಯ ಸಾಲಿಗೆ ನೂರು ಲೈಕು.

ಬೈಲಹೊಂಗಲ_ಬಸು:
ನೋಡ್ರಿ, ನಮ್ಮ ಕಡೆ ಈ ಪ್ರಶ್ನೆ ಯಾರೂ ಕೇಳೋದಿಲ್ಲ. ನಮಗೆ ಚೆನ್ನಮ್ಮನ ಮುಖ ಅಂದರೆ ಸರೋಜಾದೇವಿ ಮುಖ. ನಾನು ಕಲಿತ ಸಾಲಿಯಲ್ಲಿ ಪ್ರತಿ ಆಗಸ್ಟ್ 15ಕ್ಕೆ ಒಬ್ಬ ಹುಡುಗಿ ಜರತಾರಿ ಸೀರೆ ಕಚ್ಚೆ ಹಾಕಿ, ರಟ್ಟಿನ ಕತ್ತಿ ಹಿಡಿದು, ಬ್ರಿಟಿಷರಿಗೆ ಕಪ್ಪ ಯಾಕೆ ಕೊಡಬೇಕು ಅನ್ನುವ ಆ ಮಾತು ಹೇಳಲೇಬೇಕು. ನನ್ನ ತಂಗಿ ಎರಡು ವರ್ಷ ಹೇಳಿದಳು. ಎರಡನೇ ವರ್ಷ ಕತ್ತಿ ಮುರಿದು ಹೆಡ್ ಮಾಸ್ತರ ಕಾಲ ಮೇಲೆ ಬಿತ್ತು. ಆದರೂ ಆಕೆ ಮಾತು ನಿಲ್ಲಿಸಲಿಲ್ಲ.

1961ರ ಸಿನಿಮಾ ಅದು. ಅರವತ್ತು ವರ್ಷ ಆದಮೇಲೂ ಏಕಪಾತ್ರಾಭಿನಯದಲ್ಲಿ ಅದೇ ಮಾತು, ಅದೇ ಧಾಟಿ. ತಮಿಳಿನಲ್ಲಿ 26 ಮಾಡಿರಬಹುದು, ನಮಗೆ ಆ ಒಂದು ಸಾಕು.

ಹೊಸಬ_2020:
ಆ ಸಿನಿಮಾದಲ್ಲಿ ರಾಜ್‌ಕುಮಾರ್ ಸಂಗೊಳ್ಳಿ ರಾಯಣ್ಣ ಅಲ್ವಾ? ಬಣ್ಣದಲ್ಲಿ ನೋಡಿದ ನೆನಪು.

ರೀಲುಡಬ್ಬ:
ಎರಡೂ ತಪ್ಪು. ರಾಜ್‌ಕುಮಾರ್ ಮಾಡಿದ್ದು ಮಲ್ಲಸರ್ಜ, ಅಂದರೆ ಚೆನ್ನಮ್ಮನ ಗಂಡ. ಸಿನಿಮಾ ಕಪ್ಪು ಬಿಳುಪು. ಕನ್ನಡದಲ್ಲಿ ಪೂರ್ತಿ ಬಣ್ಣದ ಮೊದಲ ಸಿನಿಮಾ 1964ರ 'ಅಮರಶಿಲ್ಪಿ ಜಕಣಾಚಾರಿ', ಬಿ.ಎಸ್. ರಂಗಾ ನಿರ್ದೇಶನ. ಕಲ್ಯಾಣ್ ಕುಮಾರ್ ನಾಯಕ. ನಾಯಕಿ ಯಾರು ಹೇಳಿ?

ಹೊಸಬ_2020:
ಸರೋಜಾದೇವಿ?

ರೀಲುಡಬ್ಬ:
ಪಾಸು.

ಗಾಂಧಿಕ್ಲಾಸ್:
ನೋಡಿದ್ರಾ! ತಮಿಳಿನಲ್ಲಿ ಅರ್ಧ ಸಿನಿಮಾಕ್ಕೆ ಬಣ್ಣ ತಂದರು, ನಮಗೆ ಪೂರ್ತಿ ಸಿನಿಮಾಕ್ಕೆ. ಇದನ್ನೂ ಅಳಿಯನಿಗೆ ಹೇಳಿ.

ಚೆನ್ನೈ_ಕನ್ನಡತಿ:
ಬಸು ಅವರೇ, ಬೇಜಾರು ಮಾಡಿಕೊಳ್ಳಬೇಡಿ. ಕಪ್ಪದ ಮಾತು ಇಲ್ಲಿನವರಿಗೂ ಬಾಯಿಪಾಠ. 1959ರ 'ವೀರಪಾಂಡಿಯ ಕಟ್ಟಬೊಮ್ಮನ್'ನಲ್ಲಿ ಶಿವಾಜಿ ಬ್ರಿಟಿಷ್ ಅಧಿಕಾರಿಯ ಎದುರು ಅಂಥದ್ದೇ ಮಾತು ಗುಡುಗುತ್ತಾರೆ. ಅದು ಎರಡು ವರ್ಷ ಮೊದಲು ಬಂತು. ಎರಡಕ್ಕೂ ನಿರ್ದೇಶಕರು ಒಬ್ಬರೇ, ಬಿ.ಆರ್. ಪಂತುಲು.

ಬೈಲಹೊಂಗಲ_ಬಸು:
ಇದು ಗೊತ್ತಿರಲಿಲ್ರೀ. ಸ್ವಲ್ಪ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಒಂದು ಮಾತು. ಅಲ್ಲಿ ಗುಡುಗಿದ್ದು ಗಂಡಸು. ಇಲ್ಲಿ ಸಿಂಹಾಸನದಿಂದ ಎದ್ದು ಕೇಳಿದ್ದು ಹೆಂಗಸು, ಅದೂ ಗಂಡನನ್ನು ಕಳೆದುಕೊಂಡ ರಾಣಿ. 'ಗೋಪಾಲ್' ಅಂತ ರಾಗ ಎಳೆದ ಅದೇ ಗಂಟಲಿನಿಂದ ಅದು ಹೇಗೆ ಬಂತು ಅಂತ ಈಗ ಆಶ್ಚರ್ಯ ಆಗುತ್ತಿದೆ.

ಚೆನ್ನೈ_ಕನ್ನಡತಿ:
ಗೋಪಾಲ್ ಬಂದದ್ದು 1964ರಲ್ಲಿ. ಮೊದಲು ಕತ್ತಿ, ಆಮೇಲೆ ರಾಗ.

ಹೊಸಬ_2020:
ಚೆನ್ನಮ್ಮ ಯುದ್ಧದಲ್ಲೇ ಸತ್ತರು ಅಲ್ವಾ?

ಬೈಲಹೊಂಗಲ_ಬಸು:
ಅಲ್ಲಪ್ಪಾ. 1824ರ ಅಕ್ಟೋಬರಿನಲ್ಲಿ ಗೆದ್ದರು, ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಚೆನ್ನಮ್ಮನನ್ನು ನಮ್ಮ ಬೈಲಹೊಂಗಲದಲ್ಲೇ ಸೆರೆ ಇಟ್ಟರು, 1829ರಲ್ಲಿ ಅಲ್ಲೇ ತೀರಿಕೊಂಡರು. ಸಮಾಧಿ ಇಲ್ಲೇ ಇದೆ. ಬಂದರೆ ತೋರಿಸುತ್ತೇನೆ, ಊಟವೂ ನಮ್ಮ ಮನೆಯಲ್ಲೇ.

ಕಪ್ಪುಬಿಳುಪು_ಕಣ್ಣು:
ಎಲ್ಲರೂ ಹೊಗಳುತ್ತಿದ್ದೀರಿ, ನಾನು ಸ್ವಲ್ಪ ಹುಳಿ ಹಿಂಡುತ್ತೇನೆ. ನಟನೆ ವಿಷಯಕ್ಕೆ ಬಂದರೆ ಸರೋಜಾದೇವಿ ಅಷ್ಟೇನೂ ದೊಡ್ಡವರಲ್ಲ ಅಂತ ನನ್ನ ಅಭಿಪ್ರಾಯ. ಕಣ್ಣು ತಿರುಗಿಸುವುದು, ತುಟಿ ಕೊಂಕಿಸುವುದು, ಮಾತಿನ ಕೊನೆಯಲ್ಲಿ ಒಂದು ಎಳೆತ. ಹತ್ತು ಸಿನಿಮಾ ನೋಡಿ, ಹತ್ತರಲ್ಲೂ ಅದೇ. ಕಲ್ಪನಾ ಪಕ್ಕ ನಿಲ್ಲಿಸಿ ನೋಡಿ, ಲೀಲಾವತಿ ಪಕ್ಕ ನಿಲ್ಲಿಸಿ ನೋಡಿ. 'ಅಭಿನಯ ಸರಸ್ವತಿ' ಅನ್ನುವ ಬಿರುದು ಸ್ವಲ್ಪ ದೊಡ್ಡದಾಯಿತು.

ಗಾಂಧಿಕ್ಲಾಸ್:
ಬಂದರಪ್ಪ ವಿಮರ್ಶಕರು.

ಟೂರಿಂಗ್_ಟಾಕೀಸ್:
'ಮಲ್ಲಮ್ಮನ ಪವಾಡ' ನೋಡಿದ್ದೀರಾ? ನೋಡಿದ್ದರೆ ಹೀಗೆ ಬರೆಯುತ್ತಿರಲಿಲ್ಲ.

1969, ಪುಟ್ಟಣ್ಣ ಕಣಗಾಲ್. ನಾನು ನೋಡಿದ್ದು ಎಷ್ಟೋ ವರ್ಷ ಆದಮೇಲೆ, ಊರಿನ ಟೆಂಟಿನಲ್ಲಿ. ನೆಲಕ್ಕೆ ಮರಳು ಹಾಕಿದ್ದರು, ನಾವು ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುತ್ತಿದ್ದೆವು. ರೀಲು ಬದಲಿಸುವಾಗ ಕಡಲೆಕಾಯಿ. ರಾಜ್‌ಕುಮಾರ್ ಅದರಲ್ಲಿ ಏನೂ ಅರಿಯದ ಮುಗ್ಧ. ಮಲತಾಯಿ ಹೇಳಿದ್ದೇ ವೇದ. ಆಡವಾನಿ ಲಕ್ಷ್ಮೀದೇವಿ ಮಲತಾಯಿ. ಆ ಮನೆಗೆ ಓದಿದ ಸೊಸೆಯಾಗಿ ಬರುವವರು ಸರೋಜಾದೇವಿ. ಕಣ್ಣು ತಿರುಗಿಸುವುದೂ ಇಲ್ಲ, ರಾಗವೂ ಇಲ್ಲ. ಅತ್ತೆಯ ಎದುರು ದನಿ ಏರಿಸದೇ ನಿಲ್ಲುತ್ತಾರೆ. ನಮ್ಮ ಟೆಂಟಿನಲ್ಲಿ ಹೆಂಗಸರ ಕಡೆಯಿಂದ ಮಲತಾಯಿಗೆ ಬಿದ್ದ ಶಾಪ ಇಲ್ಲಿ ಬರೆದರೆ ನಿರ್ವಾಹಕರು ಅಳಿಸುತ್ತಾರೆ.

ಸಂಪಿಗೆ_ರಸ್ತೆ:
ಅದೇ ಕಥೆ ಆಮೇಲೆ ಹಿಂದಿಯಲ್ಲಿ 'ಬೇಟಾ' ಆಯಿತು. ಮಾಧುರಿ ದೀಕ್ಷಿತ್ ಮಾಡಿದ ಪಾತ್ರ. ನಮ್ಮಲ್ಲೇ ಮತ್ತೆ ರವಿಚಂದ್ರನ್ 'ಅಣ್ಣಯ್ಯ' ಮಾಡಿದರು. ಮೂಲ ಬಿ. ಪುಟ್ಟಸ್ವಾಮಯ್ಯನವರ 'ಅರ್ಧಾಂಗಿ' ಕಾದಂಬರಿ. 'ಬೇಟಾ' ನೋಡಿ ಅತ್ತವರಿಗೆ ಇದು ನಮ್ಮ ಮನೆಯ ಅಳು ಅಂತ ಗೊತ್ತಿಲ್ಲ.

ಕಪ್ಪುಬಿಳುಪು_ಕಣ್ಣು:
ಮಲ್ಲಮ್ಮನನ್ನು ಒಪ್ಪುತ್ತೇನೆ. ಆದರೆ ಅದು ಪುಟ್ಟಣ್ಣನವರ ಕೈಚಳಕ. ಅದೇ ವರ್ಷ ಅವರು ಕಲ್ಪನಾ ಜೊತೆ 'ಗೆಜ್ಜೆಪೂಜೆ' ಮಾಡಿದರು ನೋಡಿ. ಅವರ ಕೈಗೆ ಸಿಕ್ಕಿದವರೆಲ್ಲ ಹೊಳೆದರು. 1976ರ 'ಕಥಾಸಂಗಮ'ದ ಮೂರು ಕಥೆಗಳಲ್ಲಿ ಒಂದಕ್ಕೆ ಸರೋಜಾದೇವಿಯನ್ನೇ ಕರೆದರು, ಅಲ್ಲೂ ಚೆನ್ನಾಗಿ ಮಾಡಿದ್ದಾರೆ. ಹೇಳಬೇಕಾದ್ದು ಇಷ್ಟೇ. ಅವರಿಗೆ ಬರುತ್ತಿತ್ತು, ಬೇರೆಯವರು ಕೇಳಲಿಲ್ಲ.

ಟೂರಿಂಗ್_ಟಾಕೀಸ್:
ಹಾಗೆ ಹೇಳಿ. ಮೊದಲು ಬರೆದದ್ದು ಬೇರೆ ಇತ್ತು.

ಕಪ್ಪುಬಿಳುಪು_ಕಣ್ಣು:
ಮೊದಲು ಬರೆದಾಗ ಕಾಫಿ ಕುಡಿದಿರಲಿಲ್ಲ.

ಕರಾವಳಿ_ಕಾಕ:
ನಿಮ್ಮ ಮೂಲ ಪ್ರಶ್ನೆಯೇ ಸರಿ ಇಲ್ಲ ಮಾರಾಯ್ರೆ. ಆ ಕಾಲದಲ್ಲಿ ನಮ್ಮವರು, ಅವರವರು ಅನ್ನುವ ಗೋಡೆ ಎಲ್ಲಿತ್ತು? ಸ್ಟುಡಿಯೋ ಎಲ್ಲ ಮದ್ರಾಸಿನಲ್ಲಿ. ಕನ್ನಡ ಸಿನಿಮಾಗಳ ಕೆಲಸವೂ ಬಹಳಷ್ಟು ಅಲ್ಲೇ. ರಾಜ್‌ಕುಮಾರ್ ಕೂಡ ವರ್ಷಗಟ್ಟಲೆ ಮದ್ರಾಸಿನಲ್ಲೇ ಸಂಸಾರ ಮಾಡಿದರಲ್ಲ. ಬೆಳಿಗ್ಗೆ ಕನ್ನಡ, ಮಧ್ಯಾಹ್ನ ತಮಿಳು, ಪಕ್ಕದ ಫ್ಲೋರಿನಲ್ಲಿ ತೆಲುಗು. ಹೊಟ್ಟೆಪಾಡು.

ನಮ್ಮ ಭಟ್ಕಳದ ಪಂಡರಿಬಾಯಿಯನ್ನು ನೋಡಿ. 1952ರಲ್ಲಿ 'ಪರಾಶಕ್ತಿ', ಶಿವಾಜಿಯ ಮೊದಲ ಸಿನಿಮಾ, ಅದರಲ್ಲಿ ನಾಯಕಿ. 1954ರಲ್ಲಿ 'ಬೇಡರ ಕಣ್ಣಪ್ಪ', ರಾಜ್‌ಕುಮಾರ್ ನಾಯಕರಾದ ಮೊದಲ ಸಿನಿಮಾ, ಅದರಲ್ಲೂ ನಾಯಕಿ. ಎರಡು ಭಾಷೆಯ ಎರಡು ದೊಡ್ಡ ಆಲದಮರಕ್ಕೆ ಮೊದಲ ನೀರು ಹಾಕಿದವರು ಒಬ್ಬರೇ. ಅವರ ಬಗ್ಗೆ ಯಾರೂ ಜಗಳವೇ ಆಡುವುದಿಲ್ಲ. ಅದಕ್ಕೆ ನನಗೆ ಬೇಜಾರು.

ರೀಲುಡಬ್ಬ:
ಕಾಕ ಹೇಳಿದ್ದು ನೂರಕ್ಕೆ ನೂರು. ಪಂಡರಿಬಾಯಿ ಆಮೇಲೆ ಅದೇ ರಾಜ್‌ಕುಮಾರ್‌ಗೆ 'ಅನುರಾಗ ಅರಳಿತು'ವಿನಲ್ಲಿ ತಾಯಿ. ಅದರ ತಮಿಳು ರೂಪ 'ಮನ್ನನ್'ನಲ್ಲಿ ರಜನಿಕಾಂತ್‌ಗೂ ತಾಯಿ. ನಾಯಕರಿಗೆ ವಯಸ್ಸು ನಿಲ್ಲುತ್ತದೆ, ನಾಯಕಿಯರಿಗೆ ಓಡುತ್ತದೆ.

ಟೂರಿಂಗ್_ಟಾಕೀಸ್:
ಸರೋಜಾದೇವಿಯದು ಇನ್ನೂ ಮಜಾ. 1977ರ 'ಬಭ್ರುವಾಹನ'ದಲ್ಲಿ ಅವರು ಚಿತ್ರಾಂಗದೆ. ಅರ್ಜುನನೂ ರಾಜ್‌ಕುಮಾರ್, ಬಭ್ರುವಾಹನನೂ ರಾಜ್‌ಕುಮಾರ್. ಒಂದೇ ಸಿನಿಮಾದಲ್ಲಿ ಗಂಡನೂ ಅವರೇ, ಮಗನೂ ಅವರೇ!

ಗಾಂಧಿಕ್ಲಾಸ್:
ಜಯಲಲಿತಾ ನಮ್ಮ ಮೇಲುಕೋಟೆಯವರು ಅನ್ನುವುದನ್ನೂ ಸೇರಿಸಿ. ರಜನಿಕಾಂತ್ ಬೆಂಗಳೂರು. ಕೋಕಿಲಾ...

ನಿರ್ವಾಹಕ:
ದಯವಿಟ್ಟು ರಾಜಕೀಯದ ಬಾಗಿಲು ತೆರೆಯಬೇಡಿ. ಕಾವೇರಿಯವರೆಗೆ ಹೋಗುವ ಮುಂಚೆ ಸರೋಜಾದೇವಿಗೆ ವಾಪಸ್ ಬನ್ನಿ.

ಅತ್ತೆಮನೆ_ಅಂಗಳ:
ನಾನು ಬರೀ ಓದುತ್ತಾ ಇದ್ದೆ. ಸೀರೆ ವಿಷಯ ಯಾರೂ ಎತ್ತಲಿಲ್ಲವಲ್ಲ! ನಮ್ಮಮ್ಮನ ಕಾಲದಲ್ಲಿ ಕೊಪ್ಪು ಕಟ್ಟುವುದು, ಕಣ್ಣಿಗೆ ಉದ್ದ ಕಾಡಿಗೆ ಎಳೆಯುವುದು, ಎಲ್ಲ ಸರೋಜಾದೇವಿ ಥರ. ಅವರ ತಾಯಿ ರುದ್ರಮ್ಮ ಮೊದಲೇ ಕಟ್ಟುನಿಟ್ಟು ಮಾಡಿದ್ದರಂತೆ, ತೋಳಿಲ್ಲದ ರವಿಕೆ ಇಲ್ಲ, ಈಜುಡುಗೆ ಇಲ್ಲ ಅಂತ. ಕೊನೆಯವರೆಗೂ ಮೀರಲಿಲ್ಲ. ಹಿಂದಿಗೂ ಹೋದರು, ದಿಲೀಪ್ ಕುಮಾರ್ ಇದ್ದ 'ಪೈಗಾಮ್', ರಾಜೇಂದ್ರ ಕುಮಾರ್ ಜೊತೆ 'ಸಸುರಾಲ್', ಶಮ್ಮಿ ಕಪೂರ್ ಜೊತೆಯೂ ಮಾಡಿದರು. ಅಲ್ಲೂ ಅದೇ ನಿಯಮ.

ಇನ್ನೊಂದು. 1967ರಲ್ಲಿ ಶ್ರೀಹರ್ಷ ಅವರನ್ನು ಮದುವೆಯಾದರು. ಮದುವೆಯಾದರೆ ನಾಯಕಿಯ ಕಥೆ ಮುಗಿಯಿತು ಅನ್ನುವ ಕಾಲ ಅದು. 'ಮಲ್ಲಮ್ಮನ ಪವಾಡ' ಮದುವೆಯಾದ ಮೇಲಿನದು, 'ನ್ಯಾಯವೇ ದೇವರು', 'ಶ್ರೀನಿವಾಸ ಕಲ್ಯಾಣ', 'ಭಾಗ್ಯವಂತರು' ಎಲ್ಲ ಆಮೇಲಿನವು. ನಮ್ಮ ಆಫೀಸಿನಲ್ಲಿ ಈಗಲೂ ಮದುವೆ ಪತ್ರಿಕೆ ಕೊಟ್ಟ ಹುಡುಗಿಗೆ "ಮುಂದೆ ಕೆಲಸ ಮಾಡ್ತೀಯಾ?" ಅಂತ ಕೇಳುವವರಿದ್ದಾರೆ.

ರೀಲುಡಬ್ಬ:
ಇದು ಒಳ್ಳೆ ಪಾಯಿಂಟ್, ನನಗೆ ಹೊಳೆದೇ ಇರಲಿಲ್ಲ. ನೀವು ಹೇಳಿದ ಪಟ್ಟಿ ನೋಡಿ. ಮದುವೆಗೆ ಮುಂಚೆ ತಮಿಳು ಜಾಸ್ತಿ. ಮದುವೆಯಾದ ಮೇಲಿನ ಒಳ್ಳೆಯ ಪಾತ್ರಗಳು ಕನ್ನಡದವು. ಅಲ್ಲಿ ಚೆಲುವೆಯಾಗಿ ಬೇಕಾಗಿದ್ದರು, ಇಲ್ಲಿ ಹೆಂಡತಿ, ಸೊಸೆ, ತಾಯಿ, ರಾಣಿ ಎಲ್ಲಕ್ಕೂ ಬೇಕಾದರು. ಲೆಕ್ಕದ ಪರ ಇದ್ದವನು ನಾನು, ಈಗ ಸ್ವಲ್ಪ ವಾಲುತ್ತಿದ್ದೇನೆ.

ಕಪ್ಪುಬಿಳುಪು_ಕಣ್ಣು:
ಬೇಕಾದರು ಅಂತೀರಿ, ಆದರೆ ಗೌರವ ಯಾವಾಗ ಕೊಟ್ಟೆವು? ಪದ್ಮಶ್ರೀ 1969ರಲ್ಲಿ, ಪದ್ಮಭೂಷಣ 1992ರಲ್ಲಿ ದೆಹಲಿಯಿಂದ ಬಂತು. ಕರ್ನಾಟಕ ರತ್ನ ಘೋಷಣೆಯಾದದ್ದು 2025ರ ಸೆಪ್ಟೆಂಬರಿನಲ್ಲಿ, ತೀರಿಕೊಂಡ ಎರಡು ತಿಂಗಳಿಗೆ, ವಿಷ್ಣುವರ್ಧನ್ ಜೊತೆ. 87 ವರ್ಷ ಕಣ್ಣೆದುರಿಗೇ ಇದ್ದರು. ಒಂದು ವರ್ಷ ಮೊದಲು ಕೊಟ್ಟಿದ್ದರೆ ಅವರೇ ಬಂದು ತೆಗೆದುಕೊಳ್ಳುತ್ತಿದ್ದರು.

ಸಂಪಿಗೆ_ರಸ್ತೆ:
ರಾಜ್ಯ ಏನೂ ಕೊಡಲಿಲ್ಲ ಅನ್ನುವ ಹಾಗೆ ಬರೆಯಬೇಡಿ. ಡಾ. ರಾಜ್‌ಕುಮಾರ್ ಹೆಸರಿನ ಪ್ರಶಸ್ತಿ ಕೊಟ್ಟಿದ್ದರು, ಬೆಂಗಳೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತ್ತು. ಆದರೆ ರತ್ನ ತಡವಾಯಿತು, ಅದು ನಿಜ.

ಅಪ್ಪು_ಅಭಿಮಾನಿ:
ನಾನು ಈ ಕಾಲದವನು, ನನಗೆ ಗೊತ್ತಿರುವುದು 'ನಟಸಾರ್ವಭೌಮ' ಮಾತ್ರ. 2019. ಥಿಯೇಟರಿನಲ್ಲಿ ಅವರು ತೆರೆ ಮೇಲೆ ಬಂದ ತಕ್ಷಣ ನನ್ನ ಹಿಂದಿನ ಸೀಟಿನ ಅಜ್ಜಿ ಎದ್ದು ನಿಂತು ಕೈ ಮುಗಿದರು. ನಾನು ತಿರುಗಿ ಯಾಕೆ ಅಂತ ನೋಡಿದೆ. "ನಿಮ್ಮ ಅಪ್ಪು ಚಿಕ್ಕ ಮಗುವಾಗಿದ್ದಾಗ ಇವರ ಜೊತೆ ಮಾಡಿದ್ದ ಕಣಪ್ಪ" ಅಂದರು. ಆಮೇಲೆ ಹುಡುಕಿದರೆ ನಿಜ. 1984ರ 'ಯಾರಿವನು'. ಅಪ್ಪಾಜಿ, ಸರೋಜಾದೇವಿ, ಅಪ್ಪು ಮೂವರೂ ಇದ್ದಾರೆ. ಎರಡು ತಲೆಮಾರು, ಒಬ್ಬರೇ ನಟಿ.

ಅಜ್ಜಿ ಇಡೀ ಇಂಟರ್ವಲ್ ನನಗೆ ಪಾಠ ಮಾಡಿದರು. ಪಾಪ್‌ಕಾರ್ನ್ ನಾನೇ ಕೊಡಿಸಿದೆ.

ಬೈಲಹೊಂಗಲ_ಬಸು:
ಅಜ್ಜಿಗೆ ನಮ್ಮ ಕಡೆಯಿಂದ ಶರಣು.

ಅತ್ತೆಮನೆ_ಅಂಗಳ:
ಹೋಗುವಾಗ ಕಣ್ಣು ದಾನ ಮಾಡಿ ಹೋದರು. ಆ ಕಣ್ಣುಗಳು!

ಅಕ್ಕನ_ತಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಮನೆಯ ವರದಿ ಒಪ್ಪಿಸುತ್ತೇನೆ.

'ಕನ್ನಡತ್ತು ಪೈಂಗಿಳಿ' ಅಂದ ತಕ್ಷಣ ಹುಡುಗ ಒಂದು ನಿಮಿಷ ಸುಮ್ಮನಾದ. ಆಮೇಲೆ "ಗಿಳಿ ನಿಮ್ಮದು, ಮರ ನಮ್ಮದು" ಅಂದ. ಯಾರಿಂದ ಕಲಿತನೋ. ನಿನ್ನೆ ರಾತ್ರಿ ಮೂವರೂ ಕೂತು 'ಮಲ್ಲಮ್ಮನ ಪವಾಡ' ನೋಡಿದೆವು. ವಿಷದ ಸೀನಿನಲ್ಲಿ ಹುಡುಗ ಫೋನು ಕೆಳಗಿಟ್ಟ. ಅಮ್ಮ ಅದನ್ನು ಗಮನಿಸಿದರು, ಏನೂ ಹೇಳಲಿಲ್ಲ, ಗೆದ್ದ ಮುಖ ಮಾತ್ರ ಮಾಡಿದರು.

ಇವತ್ತು ಬೆಳಿಗ್ಗೆ ಅಡುಗೆಮನೆಯಿಂದ "ಗೋಪಾಲ್..." ಅಂತ ರಾಗ ಕೇಳಿಸಿತು. ಹುಡುಗ ಅಂದುಕೊಂಡೆ. ಹೋಗಿ ನೋಡಿದರೆ ಅಮ್ಮ. ದೋಸೆಗೆ ಕರೆಯುತ್ತಿದ್ದರು. ನಮ್ಮ ಮನೆಯಲ್ಲಿ ಗೋಪಾಲ್ ಅನ್ನುವವರು ಯಾರೂ ಇಲ್ಲ.

ಚೆನ್ನೈ_ಕನ್ನಡತಿ:
ಅಮ್ಮನಿಗೆ 'ಪುದಿಯ ಪರವೈ' ಪೂರ್ತಿ ತೋರಿಸಿ. ಕೊನೆಯಲ್ಲಿ ಅವರು ಯಾರು ಅಂತ ಗೊತ್ತಾದಾಗ ಅಮ್ಮನ ಮುಖ ನೋಡಬೇಕು. ನಾನು ಹೇಳುವುದಿಲ್ಲ.

ಹೊಸಬ_2020:
ಯಾರು? ಹೇಳಿ ಪ್ಲೀಸ್.

ಗಾಂಧಿಕ್ಲಾಸ್:
ಹೇಳಬೇಡಿ!!

ಕರಾವಳಿ_ಕಾಕ:
ಪಂಡರಿಬಾಯಿಗೆ ಬೇರೆ ಚರ್ಚೆ ಶುರು ಮಾಡಿದ್ದೇನೆ. ಯಾರಾದರೂ ಬಂದು ಜಗಳ ಆಡಿ ಮಾರಾಯ್ರೆ, ಅರ್ಧ ಗಂಟೆಯಿಂದ ಒಬ್ಬನೇ ಕೂತಿದ್ದೇನೆ.